ಚೊಂಬು ಎಳೆದ ಕಪ್ಪು ಗೆರೆ

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಅಚ್ಚುಕೂಟದವರು ಬೈಯುವುದಾದರೆ ನನ್ನನ್ನು ಬೈಯಬಾರದು, ಸಂತೇಪೇಟೆಯ ಪಾತ್ರೆ ಅಂಗಡಿ ತಿಮ್ಮಪ್ಪನವರನ್ನು ಬೈಯಬೇಕು. ನನ್ನ ಬಲಗೈ ಈಗ ಲೋಟ ಹಿಡಿಯುತ್ತದೆ, ಬಾಚಣಿಗೆ ಹಿಡಿಯುತ್ತದೆ, ಲೇಖನಿಯನ್ನು ಮಾತ್ರ ಅರ್ಧ ಪುಟ ಮುಗಿಯುವುದರೊಳಗೆ ಬಿಟ್ಟುಬಿಡುತ್ತದೆ. ಇನ್ನೂ ಸುಧಾರಿಸುತ್ತದೆ ಎನ್ನುತ್ತಾರೆ ಡಾಕ್ಟರು. ಸುಧಾರಿಸಲಿ. ಅಲ್ಲಿಯವರೆಗೆ ಕಾದರೆ ಸಿಟ್ಟು ಆರಿಹೋದೀತು ಎಂದು ನನಗೆ ಭಯ.

ಕಾಯಿಲೆಯಿಂದ ಎದ್ದವರು ಎಲ್ಲರನ್ನೂ ಕ್ಷಮಿಸಿ ಬರೆಯುತ್ತಾರೆ ಎಂದು ಕೇಳಿದ್ದೇನೆ. ನಾನು ಯಾರನ್ನೂ ಕ್ಷಮಿಸಿಲ್ಲ. ನನ್ನ ಹಾಗೆಯೇ ಹೊಟ್ಟೆ ಹಿಡಿದುಕೊಂಡು ಮಲಗಿ, ಮನೆಯವರ ಮುಖ ನೋಡುತ್ತ, ನನಗೇನಾಗಿದೆ ಎಂದು ತಿಳಿಯದೆ ಒದ್ದಾಡುವ ಯಾರಾದರೂ ಇದನ್ನು ಓದಲಿ ಎಂಬುದೊಂದು ಆಸೆ. ಇನ್ನೊಂದು ಆಸೆ, ತಿಮ್ಮಪ್ಪನವರೂ ಓದಲಿ.

ಮೈಸೂರಿನ ಲಕ್ಷ್ಮೀಪುರದಲ್ಲಿ ನಮ್ಮ ಮನೆ. ಅಪ್ಪ ಸರ್ಕಾರದ ಅಠಾರಾ ಕಚೇರಿಯಲ್ಲಿ ಗುಮಾಸ್ತರು. ಅಮ್ಮ, ನಾನು, ಮತ್ತೆ ಅಪ್ಪನ ತಂಗಿ ಸುಬ್ಬಮ್ಮತ್ತೆ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದವರು. ನನ್ನನ್ನು ಎತ್ತಿ ಆಡಿಸಿದ್ದು, ಜಡೆ ಹೆಣೆದದ್ದು, ಓದಲು ಕಳಿಸಿ ಎಂದು ಅಪ್ಪನ ಹತ್ತಿರ ಜಗಳವಾಡಿದ್ದು ಎಲ್ಲ ಅವರೇ. ನಾನು ಉಪಾಧ್ಯಾಯಿನಿಯರ ತರಬೇತಿಗೆ ಹೋಗುತ್ತಿದ್ದೆ. ಸಾಯಂಕಾಲ ಹಸಿದು ಬರುವ ನನಗೆ ಅತ್ತೆ ಒಂದು ಏರ್ಪಾಡು ಮಾಡಿದ್ದರು. ಬೆಳಗಿನ ಸಾರಿನ ತಿಳಿಯನ್ನು ಒಂದು ಪುಟ್ಟ ಈಯದ ಚೊಂಬಿಗೆ ಬಸಿದು, ನಿಂಬೆಹಣ್ಣು ಹಿಂಡಿ, ಒಲೆಯ ಪಕ್ಕದ ಬೂದಿಗೆಂಡದ ಮೇಲೆ ಇಟ್ಟುಬಿಡುವರು. ನಾನು ಬರುವ ಹೊತ್ತಿಗೆ ಅದು ಬೆಚ್ಚಗೆ, ಹುಳಿಯಾಗಿ, ಇಂಗಿನ ವಾಸನೆ ಬೀರುತ್ತ ಕಾದಿರುತ್ತಿತ್ತು.

ಸಾರು ಈಯದ, ಎಂದರೆ ತವರದ, ಪಾತ್ರೆಯಲ್ಲೇ ಆಗಬೇಕು ಎಂಬುದು ನಮ್ಮಲ್ಲಿ ವೇದವಾಕ್ಯ. ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಬರುತ್ತದೆ, ಈಯಕ್ಕೆ ಬರುವುದಿಲ್ಲ, ಘಮವೂ ಬೇರೆ. ಆ ಚೊಂಬನ್ನು ಅತ್ತೆ ಸಂಕ್ರಾಂತಿಗೆ ಮುಂಚೆ ತಿಮ್ಮಪ್ಪನವರ ಅಂಗಡಿಯಲ್ಲಿ ನನಗೆಂದೇ ಕೊಂಡಿದ್ದರು. ಹೆಸರು ಹೊಡೆಸಿಕೊಳ್ಳಿ ಎಂದಾಗ ಅತ್ತೆ ನನ್ನ ಹೆಸರು ಹೇಳಿದರಂತೆ, ಕೊಳ್ಳುವವರ ಹೆಸರೇ ಹೊಡೆಯುವುದು ಪದ್ಧತಿ ಎಂದು ಅಂಗಡಿಯವನು ಕಂಠದ ಕೆಳಗೆ ‘ಸುಬ್ಬಮ್ಮ’ ಎಂದು ಚುಕ್ಕೆಚುಕ್ಕೆಯಾಗಿ ಕೊರೆದು, ಎರಡೂ ಕಡೆ ತಮ್ಮ ಅಂಗಡಿಯ ಬಳ್ಳಿಯ ಗುರುತು ಹಾಕಿದ. ಈ ಬಳ್ಳಿ ನೆನಪಿರಲಿ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಹೊಟ್ಟೆನೋವು ಶುರುವಾಯಿತು. ಹೊಕ್ಕುಳ ಸುತ್ತ ಯಾರೋ ಹಗ್ಗ ಕಟ್ಟಿ ತಿರುಚಿದ ಹಾಗೆ. ವಿಚಿತ್ರವೆಂದರೆ, ಬೇರೆ ಹೊಟ್ಟೆನೋವಿನಲ್ಲಿ ಮುಟ್ಟಿದರೆ ಜೀವ ಹೋಗುತ್ತದೆ. ಇದರಲ್ಲಿ ದಿಂಬನ್ನು ಒತ್ತಿ ಹಿಡಿದು ಬೋರಲು ಮಲಗಿದರೆ ಹಾಯೆನಿಸುತ್ತಿತ್ತು. ಮಲ ಕಟ್ಟಿತು. ಬಾಯಲ್ಲಿ ಸದಾ ಸಿಹಿ ಬೆರೆತ ಲೋಹದ ರುಚಿ. ಮುಖ ಬಿಳಿಚಿತು.

ನಾನು ಬಹಳ ವರ್ಷದಿಂದ ದಿನಚರಿ ಬರೆಯುವವಳು, ಅದೂ ಶಿಸ್ತಿನಿಂದ. ನೋವು ಬಂದ ದಿನಕ್ಕೊಂದು ಗೆರೆ, ನಾಲ್ಕಾದ ಮೇಲೆ ಅಡ್ಡಗೆರೆ. ತಿಂದದ್ದನ್ನೂ ಬರೆದೆ: ಹಲಸಿನ ತೊಳೆ, ಹುರಿದ ಕಡಲೆಕಾಯಿ, ಗೆಳತಿಯ ಮನೆಯ ಚಕ್ಕುಲಿ. ಅನುಮಾನ ಬಂದದ್ದನ್ನೆಲ್ಲ ಬಿಟ್ಟು ನೋಡಿದೆ, ನೋವು ಹೋಗಲಿಲ್ಲ. ಆ ಪುಟಗಳನ್ನು ಈಗ ತಿರುವಿದರೆ ನಗು ಬರುತ್ತದೆ. ಅಷ್ಟೆಲ್ಲ ಬರೆದವಳು ಸಾಯಂಕಾಲದ ಸಾರನ್ನು ಒಂದು ದಿನವೂ ಬರೆದಿಲ್ಲ. ಉಸಿರಾಡಿದೆ ಎಂದು ಯಾರಾದರೂ ದಿನಚರಿಯಲ್ಲಿ ಬರೆಯುತ್ತಾರೆಯೇ?

ಆಷಾಢದಲ್ಲಿ ಅಮ್ಮ ಹೆದರಿದಳು. ಇದ್ದೊಬ್ಬ ಮಗಳು. ಪಂಡಿತರ ಲೇಹ್ಯ ಮುಗಿದಿತ್ತು, ದೇವರ ಹರಕೆ ಆಗಿತ್ತು. ಯಾರೋ ಹೇಳಿದರೆಂದು ಬೋಗಾದಿ ಹಳ್ಳಿಯ ಕಡೆಯಿಂದ ಕಾಳಯ್ಯ ಎಂಬ ಮದ್ದು ತೆಗೆಯುವವನನ್ನು ಕರೆಸಿದಳು. ಆಗದವರು ಅನ್ನದಲ್ಲಿ ಏನನ್ನೋ ಬೆರೆಸಿ ತಿನ್ನಿಸಿಬಿಡುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೆ ಕೈಮದ್ದು ಎಂದು ಹೆಸರು. ಅದನ್ನು ಕಕ್ಕಿಸಿ ತೆಗೆಯುವುದೇ ಕಾಳಯ್ಯನಂಥವರ ಕಸುಬು.

ಅವನು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದ. "ಇದು ಕೈಮದ್ದೇಯ. ಅನುಮಾನವೇ ಬ್ಯಾಡಿ ಅಮ್ಮಾವ್ರೆ."

ಯಾವುದೋ ಸೊಪ್ಪಿನ ರಸ ಕುಡಿಸಿದ. ಕರುಳೇ ಬಾಯಿಗೆ ಬರುವ ಹಾಗೆ ವಾಂತಿಯಾಯಿತು. ಅವನು ಬೋಗುಣಿಯಲ್ಲಿ ಕೈಯಾಡಿಸಿ, ಕೂದಲು ಸುತ್ತಿದ ಕರೀ ಉಂಡೆಯೊಂದನ್ನು ಎತ್ತಿ ತೋರಿಸಿದ. ಅದು ಬಂದದ್ದು ಅವನ ಹೆಬ್ಬೆರಳಿನ ಸಂದಿಯಿಂದ. ಬೋಗುಣಿಯ ಮೇಲೆ ಬಗ್ಗಿದ್ದವಳು ನಾನು, ನಾನು ನೋಡಿದೆ. ಹೇಳಲು ಉಸಿರಿರಲಿಲ್ಲ. ಉಸಿರು ಬಂದ ಮೇಲೆ ಹೇಳಿದೆ, ಆಗ ಕೇಳುವವರಿರಲಿಲ್ಲ.

"ಯಾರು ಹಾಕಿದ್ದು?" ಅಮ್ಮ ಕೇಳಿದಳು.

"ಎಸ್ರು ಏಳಂಗಿಲ್ಲ ಕಣ್ರವ್ವ. ಒಳಗಿನ ಕೈಯಿ. ಅನ್ನ ಇಕ್ಕೋ ಕೈಯಿ. ಅಷ್ಟೇಯ."

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿದಳು. "ಎಲ್ಲರಿಗೂ ನಾನೇ ಬಡಿಸ್ತೀನಿ. ಇವಳೊಬ್ಬಳಿಗೆ ಸಾಯಂಕಾಲ ಬೇರೆಯಾಗಿ ಕೊಡೋರು ಯಾರು, ಸುಬ್ಬು? ನನ್ನ ಹೊಟ್ಟೇಲಿ ಹುಟ್ಟಿದ್ದು ನಿನ್ನ ಕಣ್ಣಿಗೆ ಅಷ್ಟು ಚುಚ್ತೇ?"

ಅತ್ತೆ ಒಳಗೆ ಹೋಗಿ, ಕೆಂಡದ ಮೇಲಿದ್ದ ಅಂದಿನ ಸಾರನ್ನು ಬಚ್ಚಲಿಗೆ ಸುರಿದು, ಚೊಂಬನ್ನು ಹುಣಿಸೇಹಣ್ಣು ಹಾಕಿ ಫಳಫಳ ತಿಕ್ಕಿ ಬೋರಲು ಹಾಕಿದರು. ಆಮೇಲೆ ಕೈ ಒರೆಸಿಕೊಂಡು ಬಂದು ಅಪ್ಪನನ್ನು ಕೇಳಿದರು: "ಅಣ್ಣಯ್ಯ, ನಂಜನಗೂಡಿಗೆ ರೈಲು ಎಷ್ಟು ಹೊತ್ತಿಗೆ?"

ಅಪ್ಪ ತಲೆ ಎತ್ತಲಿಲ್ಲ. "ಬೆಳಿಗ್ಗೆ ಒಂದಿದೆ," ಎಂದರು.

ಇಷ್ಟೇ. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತವರಿಗೆ ಅಣ್ಣ ಹೇಳಿದ ಮಾತು ಇಷ್ಟೇ. ಅತ್ತೆ ದೂರದ ನೆಂಟರ ಮನೆಯಲ್ಲಿ ಅಡಿಗೆ ಮಾಡಿಕೊಂಡಿರಲು ನಂಜನಗೂಡಿಗೆ ಹೋದರು. ಅವರು ಹೋಗುವ ಮೊದಲೇ ಸುದ್ದಿ ಬೀದಿಯ ಕೊನೆ ತಲುಪಿತ್ತು.

ಇನ್ನು ಕೇಳಿ ವಿಧಿಯ ಕುಹಕ. ಅತ್ತೆ ಹೋದ ಮೇಲೆ ನನ್ನ ನೋವು ಕಡಿಮೆಯಾಯಿತು!

ಅಮ್ಮ ನೀರು ತರಲು ಹೋದಲ್ಲೆಲ್ಲ ಹೇಳಿದಳು: "ನೋಡ್ರೀ, ಅವಳು ಹೊಸ್ತಿಲು ದಾಟಿದ್ದೇ ತಡ, ಹುಡುಗಿ ಅನ್ನ ಕೇಳ್ತಿದಾಳೆ."

ನನಗೆ ಅನ್ನ ಸೇರುತ್ತಿತ್ತು, ನಿಜ. ಆದರೆ ಒಂದೊಂದು ತುತ್ತೂ ಅತ್ತೆಯ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನನಗೆ ಅಮ್ಮನ ಮೇಲೆ ಹಟ ಬಂತು. ಅತ್ತೆ ಮಾಡಿದ ಹಾಗೆಯೇ ನಾನೇ ತಿಳಿ ಬಸಿದು, ನಿಂಬೆ ಹಿಂಡಿ, ಅದೇ ಚೊಂಬಿನಲ್ಲಿ ಕೆಂಡದ ಮೇಲೆ ಇಟ್ಟು, ಅಮ್ಮನ ಎದುರಿಗೇ ಕೂತು ಕುಡಿಯತೊಡಗಿದೆ. ಅತ್ತೆ ಕೊಡುತ್ತಿದ್ದುದು ಒಂದು ಲೋಟ. ನಾನು ಚೊಂಬು ಖಾಲಿ ಮಾಡುತ್ತಿದ್ದೆ.

"ಆ ಚೊಂಬು ಯಾಕೆ ಮುಟ್ತೀಯೇ?" ಎಂದಳು ಅಮ್ಮ ಮೊದಲ ದಿನ.

"ಚೊಂಬೇನು ಮಾಡಿತು ನಿನಗೆ?"

ಚೊಂಬಿಗೇನು ಪಾಪ ಎಂದು ಅಮ್ಮನಿಗೂ ಅನ್ನಿಸಿರಬೇಕು.

ಶ್ರಾವಣ ಮುಗಿಯುವುದರೊಳಗೆ ನೋವು ಮರಳಿ ಬಂತು, ಮೊದಲಿಗಿಂತ ಭೀಕರವಾಗಿ. ನನಗೆ ಒಳಗೊಳಗೇ ಸಂತೋಷ. "ಈಗ ಹೇಳಮ್ಮ, ಈಗ ಯಾರು ಹಾಕಿದ್ದು?" ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

"ಬೇರು ಉಳಿದುಕೊಂಡಿದೆ ಕಣೇ. ಅಲ್ಲಿ ಕೂತು ಏನು ಮಾಡಿಸ್ತಿದಾಳೋ," ಎಂದು ಅಮ್ಮ ಅತ್ತಳು. ಆ ಅಳು ನಾಟಕವಾಗಿರಲಿಲ್ಲ, ಅದೇ ಕಷ್ಟ. ಪ್ರೀತಿ ಇಲ್ಲದವರ ಮೇಲೆ ಸೇಡು ತೀರಿಸಿಕೊಳ್ಳುವುದು ಸುಲಭ.

ಗೌರಿಹಬ್ಬದ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳಲು ಬಲಗೈ ಎತ್ತಿದೆ. ತೋಳು ಎದ್ದಿತು, ಮುಂಗೈ ಏಳಲಿಲ್ಲ. ಬಾಡಿದ ಬಾಳೆ ಎಲೆಯ ಹಾಗೆ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಎಡಗೈಯಿಂದ ಎತ್ತಿ ಹಿಡಿದೆ, ಬಿಟ್ಟೊಡನೆ ಮತ್ತೆ ಬಿತ್ತು. ನಾನು ಕೂಗಿದ್ದು ಕೇಳಿ ಅಪ್ಪ ಬಂದರು, ನೋಡಿದರು, ಮೊದಲ ಬಾರಿಗೆ ಯಾರನ್ನೂ ಕೇಳದೆ ಜಟಕಾ ಕರೆಸಿದರು.

ಆಸ್ಪತ್ರೆಯ ಹೆಂಗಸರ ಕಡೆಯ ಜಗಲಿ. ಕಾಯುವವರ ಸಾಲು ಗೋಡೆಗುಂಟ ಕೂತಿತ್ತು. ಎದುರಿಗೆ ಮಗುವನ್ನು ಮಲಗಿಸಿಕೊಂಡ ಮುಸಲ್ಮಾನರ ಹೆಂಗಸೊಬ್ಬಳು ನನ್ನ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ತನ್ನ ದುಪ್ಪಟಿಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟು ಅದರ ಮೇಲೆ ಕೈ ಎತ್ತಿಟ್ಟಳು. "ಹಿಂಗಿಟ್ಕೋ ತಾಯಿ, ಜೋತಾಡಿದ್ರೆ ನೋವಾಯ್ತದೆ." ಆ ವರ್ಷ ನನ್ನ ಮೇಲೆ ಅನುಮಾನ, ಮರುಕ, ಮಂತ್ರ ಏನೂ ಇಲ್ಲದೆ ಕೈ ಇಟ್ಟವಳು ಅವಳೊಬ್ಬಳೇ.

ಡಾಕ್ಟರ್ ಚೌರಪ್ಪನವರು ಕಿರಿಸ್ತರು, ಈ ಊರಲ್ಲೇ ಹುಟ್ಟಿ ಬೆಳೆದವರು. ಕೈಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಯಾರೂ ಮಾಡದ ಕೆಲಸ ಮಾಡಿದರು: ನನ್ನ ತುಟಿ ಮೇಲೆತ್ತಿ ವಸಡು ನೋಡಿದರು. ಕನ್ನಡಿ ತರಿಸಿ ನನಗೂ ತೋರಿಸಿದರು. ಹಲ್ಲಿನ ಬುಡದ ಗುಂಟ ಕಾಡಿಗೆ ಎಳೆದ ಹಾಗೆ ನೀಲಿಗಪ್ಪು ಗೆರೆ.

"ರಾಯರೇ, ಮನೆಯಲ್ಲಿ ಅಚ್ಚುಕೂಟದ ಕೆಲಸ ಮಾಡೋರಿದ್ದಾರಾ? ಬಣ್ಣ ಅರೆಯೋದು?"

"ಇಲ್ಲ ಸ್ವಾಮಿ."

"ಹಾಗಾದ್ರೆ ಈ ಗೆರೆ ತರೋ ಸೀಸ ಇವರ ಹೊಟ್ಟೆಗೆ ಹೆಂಗೆ ಹೋಯ್ತು?"

ಅಮ್ಮ ತಟ್ಟನೆ ಬಾಯಿ ಹಾಕಿದಳು. "ನಮ್ಮ ನಾದಿನಿ ಮದ್ದು ಹಾಕಿದಾಳೆ ಡಾಕ್ಟ್ರೇ."

"ಮದ್ದು ಅಂದ್ರೆ ಒಂದು ಹೆಸರಿರಬೇಕಮ್ಮ. ಇದರ ಹೆಸರು ಸೀಸ. ದಿನಾ ಸ್ವಲ್ಪ ಸ್ವಲ್ಪ ಹೋಗಿದೆ. ಅಡಿಗೆ ಪಾತ್ರೆ ಎಲ್ಲಾ ತರಿಸಿ, ನೋಡೋಣ."

"ಮಡಿ ಪಾತ್ರೆ ಆಸ್ಪತ್ರೆಗಾ? ಶಿವಶಿವಾ!"

"ಮಗಳು ಬೇಕೋ, ಮಡಿ ಬೇಕೋ?"

ಅಪ್ಪ ಜಟಕಾದಲ್ಲಿ ಅಡಿಗೆಮನೆಯನ್ನೇ ಹೇರಿಕೊಂಡು ಬಂದರು. ತಪ್ಪಲೆ, ಕೊಳಗ, ಸೌಟು, ಕೊನೆಯಲ್ಲಿ ಆ ಪುಟ್ಟ ಚೊಂಬು. ಡಾಕ್ಟರು ತಪ್ಪಲೆಯ ಕಲಾಯಿ ಉಜ್ಜಿ ನೋಡಿ ಬದಿಗಿಟ್ಟರು. ಚೊಂಬನ್ನು ಎತ್ತಿ, ಅಂಚನ್ನು ಔಷಧದ ಚೀಟಿಯ ಮೇಲೆ ಎಳೆದರು. ಸೀಸದಕಡ್ಡಿಯಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಮೂಡಿತು.

"ನಿಜವಾದ ಈಯ ಹೀಗೆ ಬರೆಯೋದಿಲ್ಲ. ಇದರಲ್ಲಿ ಸೀಸ ಬೇಕಾದಷ್ಟು ಬೆರೆಸಿದಾರೆ. ಇದರಲ್ಲೇನು ಮಾಡ್ತಿದ್ರಿ?"

ನಾನು ಹೇಳಿದೆ. ನಿಂಬೆ, ಕೆಂಡ, ಬೆಳಗಿನಿಂದ ಸಾಯಂಕಾಲ. ಡಾಕ್ಟರು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದರು. "ಹುಳಿ ದಿನವೆಲ್ಲಾ ಸೀಸಾನ ಕರಗಿಸಿದೆ. ನೀವು ಕುಡಿದಿದ್ದೀರಿ."

ನಾನು ಅಮ್ಮನನ್ನೇ ನೋಡುತ್ತಿದ್ದೆ. ಅವಳು ಚೀಟಿಯ ಮೇಲಿನ ಗೆರೆಯನ್ನು ಬೆರಳಿನಿಂದ ಒರೆಸಲು ನೋಡಿದಳು. ಅದು ಹೋಗಲಿಲ್ಲ, ಹರಡಿತು.

ಚಿಕಿತ್ಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೊಟ್ಟೆ ಹರಿಯಲು ಕಹಿ ಉಪ್ಪು, ನೋವಿಗೆ ಬಿಸಿನೀರಿನ ಶಾಖ, ಬಾಯಿ ತುಕ್ಕು ಹಿಡಿದಂತಾಗುವ ಒಂದು ಮಿಕ್ಸ್ಚರು, ಲೋಟಗಟ್ಟಲೆ ಹಾಲು, ಮುಂಗೈ ಎತ್ತಿ ಹಿಡಿಯಲು ಮರದ ಪಟ್ಟಿ. ಮೂಳೆಯೊಳಗೆ ಹೋಗಿ ಕೂತ ಸೀಸ ಸುಲಭವಾಗಿ ಹೊರಡುವುದಿಲ್ಲವಂತೆ. ನರ್ಸ್ ಮರಿಯಮ್ಮ ನನ್ನ ದಿನಚರಿಯನ್ನು ಕಂಡು, ಕೇಳದೆಯೇ ಎಡಗೈಗೆ ಪೆನ್ಸಿಲ್ಲು ಕೊಟ್ಟರು. "ಬಲಗೈ ಮಲಗಿದ್ರೆ ಎಡಗೈ ಬೈಯಲಿ ಬಿಡಮ್ಮ," ಎಂದರು. ಮೊದಲು ಬರೆದ ಮಾತು ತಿಮ್ಮಪ್ಪನವರ ಹೆಸರು. ‘ಮ್ಮ’ ಒತ್ತಕ್ಷರ ಮೂರು ದಿನ ಕಾಡಿತು.

ದಸರೆಗೆ ಮನೆಗೆ ಬಂದೆ. ಅಪ್ಪ ಅತ್ತೆಯನ್ನು ಕರೆತರಲು ನಂಜನಗೂಡಿಗೆ ಹೋದರು, ಒಬ್ಬರೇ ಹಿಂದಿರುಗಿದರು.

"ಏನಂದ್ರು?" ನಾನು ಕೇಳಿದೆ.

ಅಪ್ಪ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದರು: "ಅತ್ತಿಗೆ ಹೇಳಿದ್ರೆ ಹೋಗ್ಬೇಕು, ಡಾಕ್ಟ್ರು ಹೇಳಿದ್ರೆ ಬರಬೇಕು, ನಾನೇನು ಬಾಡಿಗೆ ಜಟಕಾನಾ ಅಣ್ಣಯ್ಯ ಅಂದ್ಲು. ಮೈಸೂರಿನ ಬೀದೀಲೆಲ್ಲಾ ನಾನು ಮದ್ದು ಹಾಕಿದೋಳು. ಬೀದಿ ಆ ಮಾತು ವಾಪಸು ತೊಗೊಂಡ ದಿನ ಬರ್ತೀನಿ ಅಂದ್ಲು."

ಬೀದಿ ಮಾತು ವಾಪಸು ತೆಗೆದುಕೊಳ್ಳುವುದು ಹೇಗೆ? ನಾನು ಯೋಚಿಸಿದೆ. ತಿಮ್ಮಪ್ಪನವರು ನಾಲ್ಕು ಜನರ ಎದುರಿಗೆ, ತಪ್ಪು ನಮ್ಮ ಚೊಂಬಿನದು ಎಂದು ಒಂದು ಮಾತು ಹೇಳಿದರೆ ಸಾಕು. ಅಷ್ಟಕ್ಕೇ ಮುಗಿಸಿಬಿಡಲು ನಾನು ಸಿದ್ಧಳಿದ್ದೆ. ಇದು ತಿಮ್ಮಪ್ಪನವರಿಗೆ ತಿಳಿದಿರಲಿ.

ದೀಪಾವಳಿಯ ವ್ಯಾಪಾರಕ್ಕೆಂದು ಅಂಗಡಿಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ನಾನು, ಅಪ್ಪ ಹೋದೆವು. ಸೆರಗಿನಲ್ಲಿ ಚೊಂಬು.

"ಬನ್ನಿ ರಾಯರೇ, ಬನ್ನಿ ತಾಯಿ, ಹಬ್ಬಕ್ಕೆ ಹಂಡೆ ಕೊಡ್ಲಾ?"

ನಾನು ಚೊಂಬು ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ, ಜೋತ ಕೈಯನ್ನು ಅದರ ಪಕ್ಕ ಇಟ್ಟೆ, ಡಾಕ್ಟರ ಮಾತು ಹೇಳಿದೆ.

"ನಮ್ಮಂಗಡೀದೇ ಅನ್ನೋಕೆ ಏನು ಗುರ್ತು ತಾಯಿ?"

ಬಳ್ಳಿ ತೋರಿಸಿದೆ. ಅವರ ತಲೆಯ ಮೇಲೆ ತೂಗುಹಾಕಿದ್ದ ಪ್ರತಿಯೊಂದು ಚೊಂಬಿನಲ್ಲೂ ಅದೇ ಬಳ್ಳಿ. ತಿಮ್ಮಪ್ಪನವರು ಅದನ್ನು ನೋಡಿದರು, ಕೊರೆದ ಹೆಸರನ್ನು ಓದಿದರು. ಅವರ ಮುಖದಲ್ಲಿ ನಗು ಮೂಡಿತು.

"ಸುಬ್ಬಮ್ಮ. ಓಹೋ, ಲಕ್ಷ್ಮೀಪುರದ ಮದ್ದಿನ ಸುಬ್ಬಮ್ಮನವರಾ? ಅವರ ಕತೆ ನಮಗೂ ಗೊತ್ತು ಕಣಮ್ಮ. ಚೊಂಬಲ್ಲಿ ಏನಿತ್ತು ಅಂತ ನನ್ನ ಕೇಳಿದ್ರೆ? ಹಾಕಿದವರ್ನ ಕೇಳಿ." ಕೊಳ್ಳಲು ಬಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು.

ಅಲ್ಲಿಯವರೆಗೆ ಅವರ ಮೇಲೆ ನನಗಿದ್ದದ್ದು ಸಿಟ್ಟು. ಸೀಸ ಅಗ್ಗ, ಈಯ ತುಟ್ಟಿ. ಆಸೆಗೆ ಬಿದ್ದು ಬೆರೆಸಿದ್ದಾರೆ. ಆದರೆ ತಮ್ಮ ವಿಷವನ್ನು ಅತ್ತೆಯ ಸೆರಗಿನಲ್ಲಿ ಬಚ್ಚಿಟ್ಟರಲ್ಲ, ಆ ಗಳಿಗೆಯಲ್ಲಿ ಸಿಟ್ಟು ಬೇರೇನೋ ಆಯಿತು. ಆರಲಿಲ್ಲ, ತಣ್ಣಗೆ ಗಟ್ಟಿಯಾಯಿತು. ನಾನು ಎಡಗೈಯಲ್ಲಿ ಚೊಂಬನ್ನು ಬಾಯಿ ಕೆಳಗಾಗಿ ಹಿಡಿದು, ಅಂಗಡಿಯ ಮೆಟ್ಟಿಲಿಳಿದು, ಹೊಸ ಸುಣ್ಣದ ಗೋಡೆಯ ಮುಂದೆ ನಿಂತೆ. ಅಂಚಿನಿಂದ ಒಂದು ಗೆರೆ ಎಳೆದೆ. ಕಪ್ಪಗೆ ಮೂಡಿತು. ಆಮೇಲೆ ಬರೆದೆ. ಮೊಳದುದ್ದದ ಅಕ್ಷರ, ಸೊಟ್ಟಸೊಟ್ಟಾಗಿ, ಓದಲು ಬರುವಷ್ಟು ನೆಟ್ಟಗೆ:

ಸುಬ್ಬಮ್ಮನವರು ಮದ್ದು ಹಾಕಲಿಲ್ಲ. ಈ ಅಂಗಡಿ ಹಾಕಿತು.

"ಏಯ್, ಏಯ್! ಗೋಡೆ ಹಾಳಾಯ್ತು!" ತಿಮ್ಮಪ್ಪನವರು ಓಡಿ ಬಂದರು. ಅವರಿಗೂ ನನಗೂ ನಡುವೆ ಅಪ್ಪ ಬಂದು ನಿಂತರು. ಕೊಡೆಯನ್ನು ಅಡ್ಡ ಹಿಡಿದರು. ಈ ಸಲ ತಲೆ ಎತ್ತಿಕೊಂಡಿದ್ದರು.

ಹೂ ಮಾರುವವಳೊಬ್ಬಳು ಬುಟ್ಟಿ ಇಳಿಸಿದಳು. "ಅದ್ಯಾಕಮ್ಮ ಚೊಂಬು ಅಂಗೆ ಬರೀತದೆ?"

"ಸೀಸ ಇದ್ದರೆ ಬರೆಯುತ್ತದೆ. ಈಯ ಬರೆಯುವುದಿಲ್ಲ."

ಅಂಗಡಿಯೊಳಗೆ ಚೌಕಾಶಿ ಮಾಡುತ್ತಿದ್ದ ಅಜ್ಜಿಯೊಬ್ಬರು ಕೈಯಲ್ಲಿದ್ದ ಹೊಸ ಚೊಂಬಿನ ಸಮೇತ ಹೊರಗೆ ಬಂದರು. ನನ್ನ ಅಕ್ಷರಗಳ ಕೆಳಗೆ ಅದನ್ನು ಉಜ್ಜಿದರು. ಕಪ್ಪು. ಅಜ್ಜಿ ಗೋಡೆ ನೋಡಿದರು, ತಿಮ್ಮಪ್ಪನವರನ್ನು ನೋಡಿದರು.

"ಅಯ್ಯೋ ನಿನ್ನ ಮನೆ ಹಾಳಾಗ! ಮೊಮ್ಮಗಳ ಮದುವೆಗೆ ಕೊಡೋಕೆ ಬಂದಿದ್ನಲ್ಲೋ!"

ಮರುದಿನದಿಂದ ಹೆಂಗಸರು ತಮ್ಮ ತಮ್ಮ ಮನೆಯ ಚೊಂಬು ಹಿಡಿದುಕೊಂಡು ಬಂದರು. ಕೆಲವು ಬರೆದವು, ಕೆಲವು ಬರೆಯಲಿಲ್ಲ. ಬರೆದವುಗಳಲ್ಲಿ ಬಳ್ಳಿಯ ಗುರುತು ಇರುವವು ಎಷ್ಟೆಂದು ನಾನು ಎದುರು ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆ: ನಾಲ್ಕು ಗೆರೆ, ಒಂದು ಅಡ್ಡಗೆರೆ, ನಾಲ್ಕು ಗೆರೆ, ಒಂದು ಅಡ್ಡಗೆರೆ. ನನ್ನ ದಿನಚರಿಯಲ್ಲಿ ಅಷ್ಟು ಸಂತೋಷದ ಪುಟ ಬೇರೊಂದಿಲ್ಲ.

ತುಳಸೀಹಬ್ಬದ ಹಿಂದಿನ ದಿನ ಬಾಗಿಲಲ್ಲಿ ಜಟಕಾ ನಿಂತಿತು. ಅತ್ತೆ ಇಳಿದರು, ಕೆಂಡವಾಗಿದ್ದರು.

"ಏನೇ ಕಮಲೂ, ನನ್ನ ಹೆಸರನ್ನ ಸಂತೇಪೇಟೆ ಗೋಡೆ ಮೇಲೆ ಬರೆದೆಯಂತೆ? ನಂಜನಗೂಡಿನ ಸ್ನಾನಘಟ್ಟದಲ್ಲಿ ಯಾರೋ ಕೇಳಿದ್ರು, ಗೋಡೆ ಸುಬ್ಬಮ್ಮ ನೀವೇನಾ ಅಂತ! ಮಾನವಂತರ ಹೆಸರು ಬರೆಯೋ ಜಾಗವೇನೇ ಅದು?" ಅಷ್ಟು ಬೈದು, ನನ್ನ ಬಲಗೈಯನ್ನು ಎತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅಮ್ಮ ಕಂಬದ ಮರೆಯಲ್ಲಿ ನಿಂತಿದ್ದಳು. "ಸುಬ್ಬು, ತಪ್ಪಾಯ್ತು ಕಣೇ," ಎಂದಳು.

"ಆಯ್ತು ಬಿಡಿ ಅತ್ತಿಗೆ," ಎಂದರು ಅತ್ತೆ. ನಾನು ನಂಬಿದೆ, ಅಮ್ಮನೂ ನಂಬಿದಳು.

ಮರುದಿನ ಅತ್ತೆ ಕಲ್ಲಿನ ಮರಿಗೆಯಲ್ಲಿ ಸಾರು ಮಾಡಿದರು. ಎಲೆ ಹಾಕಿ ಎಲ್ಲರೂ ಕೂತೆವು. ಅತ್ತೆ ಮೊದಲು ಬಂದದ್ದು ಅಮ್ಮನ ಹತ್ತಿರ. ಒಂದು ಸೌಟು ಬಡಿಸಿ, ಪಾತ್ರೆ ಹಿಡಿದು ಅಲ್ಲೇ ನಿಂತರು.

"ಮೊದಲು ನೀವು ಕುಡೀರಿ ಅತ್ತಿಗೆ. ನೋಡಿದ ಮೇಲೆ ಮಿಕ್ಕೋರಿಗೆ ಬಡಿಸ್ತೀನಿ."

ಅಮ್ಮ ಕುಡಿದಳು. ಅಂದಿನಿಂದ ಇಂದಿನವರೆಗೆ, ದಿನವೂ, ಅಮ್ಮ ಕುಡಿಯದೆ ನಮ್ಮ ಮನೆಯಲ್ಲಿ ಯಾರ ಎಲೆಗೂ ಸಾರು ಬೀಳುವುದಿಲ್ಲ. ಇನ್ನು ಸಾಕು ಎಂದು ಅಪ್ಪ ಒಮ್ಮೆ ಹೇಳಿ ನೋಡಿದರು, ಅತ್ತೆಗೆ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ.

ಕಾಳಯ್ಯ ಇನ್ನೂ ಮದ್ದು ತೆಗೆಯುತ್ತಿದ್ದಾನಂತೆ. ಅವನ ಹೆಬ್ಬೆರಳಿನ ಸಂದಿಯ ವಿಷಯ ಇಲ್ಲಿ ಬರೆದದ್ದಾಯಿತು. ಅವನನ್ನು ಕರೆಸುವವರು ಮೊದಲು ಕೈ ತೊಳೆಸಿ. ಹೊಟ್ಟೆ ತಿರುಚುವ ನೋವಿನಲ್ಲಿ ಒಬ್ಬಂಟಿಯಾಗಿ ಮಲಗಿರುವವರು, ಕನ್ನಡಿ ಹಿಡಿದು ವಸಡು ನೋಡಿಕೊಳ್ಳಿ. ಗೆರೆ ಕಂಡರೆ ಆಸ್ಪತ್ರೆಗೆ ಹೋಗಿ. ಅನ್ನ ಇಕ್ಕಿದ ಕೈಯನ್ನು ಬೈಯುವ ಮುಂಚೆ ಪಾತ್ರೆಯನ್ನು ಬಿಳಿ ಕಾಗದದ ಮೇಲೆ ಎಳೆದು ನೋಡಿ.

ತಿಮ್ಮಪ್ಪನವರು ಗೋಡೆಗೆ ಮತ್ತೆ ಸುಣ್ಣ ಬಳಿಸಿದರು. ನಾನು ಮತ್ತೆ ಬರೆದೆ. ಅವರು ಮತ್ತೆ ಬಳಿಸಿದರು. ಈ ಮಾಘಮಾಸದ ಮದುವೆಗಳಿಗೆ ಮುಂಚೆ ಇನ್ನೊಮ್ಮೆ ಬಳಿಸುತ್ತಾರೆ ಎಂದು ಕೇಳಿದೆ. ಬಳಿಸಲಿ. ಚೊಂಬು ನನ್ನ ಮೇಜಿನ ಮೇಲಿದೆ. ಇಷ್ಟು ಬರೆದರೂ ಅದರ ಅಂಚು ಉಗುರಿನಷ್ಟೂ ಸವೆದಿಲ್ಲ.